ದೇಹದ ವಯಸ್ಸನ್ನು ಡಿಎನ್‌ಎ ಹೇಳುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಗೆ ಮಾತನಾಡಲು ಹೋದಾಗ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಪ್ರಶ್ನೆಗಳೆಲ್ಲ ಬರುವುದು ಆಮೇಲೆ, ಚಹಾದ ಲೋಟ ಕೈಗೆ ಬಂದ ಮೇಲೆ. ಕೆಲವು ಪತ್ರದಲ್ಲಿ ಬಂದಿವೆ, ಕೆಲವು ಮದುವೆ ಮನೆಯ ಪಂಕ್ತಿಯಲ್ಲಿ. ಮತ್ತೆ ಮತ್ತೆ ಬಂದವುಗಳನ್ನು ಆರಿಸಿ, ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ವಯಸ್ಸು ಎಂದರೆ ಹುಟ್ಟಿದಾಗಿನಿಂದ ಎಣಿಸಿದ ವರ್ಷ. ಅದರಲ್ಲಿ ಎರಡು ಬಗೆ ಹೇಗೆ?

ಅರವತ್ತು ದಾಟಿದ ಇಬ್ಬರು ಚಿತ್ರದುರ್ಗದ ಕೋಟೆ ಹತ್ತಲು ಹೊರಡುತ್ತಾರೆ ಎನ್ನಿ. ಒಬ್ಬರು ಏಕನಾಥೇಶ್ವರಿ ಗುಡಿಯವರೆಗೂ ಮಾತನಾಡುತ್ತಲೇ ಹೋಗುತ್ತಾರೆ. ಇನ್ನೊಬ್ಬರು ಎರಡನೆಯ ಬಾಗಿಲು ದಾಟುವ ಮೊದಲೇ ಕಲ್ಲಿನ ಮೇಲೆ ಕೂರುತ್ತಾರೆ. ಕ್ಯಾಲೆಂಡರಿನ ಲೆಕ್ಕದಲ್ಲಿ ಇಬ್ಬರೂ ಒಂದೇ. ದೇಹ ಎಷ್ಟು ಸವೆದಿದೆ ಎಂಬ ಲೆಕ್ಕದಲ್ಲಿ ಅಲ್ಲ. ಈ ಎರಡನೆಯ ಲೆಕ್ಕಕ್ಕೆ ಜೈವಿಕ ವಯಸ್ಸು ಎನ್ನುತ್ತಾರೆ.

ಇದು ಬರಿಯ ಮಾತಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಇಂದಿಗೂ ಬಿಡದೆ ಗಮನಿಸುತ್ತಿದ್ದಾರೆ. ಅವರೆಲ್ಲ 38ನೆಯ ವಯಸ್ಸಿನಲ್ಲಿದ್ದಾಗ ಅವರ ಅಂಗಾಂಗಗಳ ಸ್ಥಿತಿಯನ್ನು ಅಳೆದು ಲೆಕ್ಕ ಹಾಕಿದರು. ಕೆಲವರ ಜೈವಿಕ ವಯಸ್ಸು 28ರಷ್ಟು ಕಡಿಮೆ ಬಂದಿತು, ಕೆಲವರದು 61ಕ್ಕೆ ಮುಟ್ಟಿತು. ಎಲ್ಲರ ಜನ್ಮದಿನಾಂಕವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ನೆನಪಿಡಿ.

ಡಿಎನ್‌ಎ ಹುಟ್ಟಿನಿಂದ ಸಾಯುವವರೆಗೆ ಒಂದೇ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಹಾಗಿದ್ದರೆ ವಯಸ್ಸು ಅದರಲ್ಲಿ ಎಲ್ಲಿ ಕಾಣುತ್ತದೆ?

ಅಕ್ಷರಗಳಲ್ಲಿ ಅಲ್ಲ, ಅಕ್ಷರಗಳಿಗೆ ಅಂಟಿದ ಗುರುತುಗಳಲ್ಲಿ. ಡಿಎನ್‌ಎಯಲ್ಲಿ ಸೈಟೋಸಿನ್ ಎಂಬ ಅಕ್ಷರದ ಪಕ್ಕದಲ್ಲೇ ಗ್ವಾನೀನ್ ಬರುವ ಜಾಗಗಳಿವೆ. ನಮ್ಮ ಜೀನೋಮಿನಲ್ಲಿ ಇಂಥವು ಸುಮಾರು 2.8 ಕೋಟಿ. ಅಲ್ಲಿನ ಸೈಟೋಸಿನ್‌ಗೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಮೀಥೈಲ್ ಗುಂಪು ಅಂಟಿಕೊಳ್ಳಬಹುದು. ಅಂಟಿದರೂ ಅಕ್ಷರ ಬದಲಾಗುವುದಿಲ್ಲ. ಆದರೆ ಹತ್ತಿರದ ಜೀನ್ ಕೆಲಸ ಮಾಡಬೇಕೋ ಸುಮ್ಮನಿರಬೇಕೋ ಎಂಬುದರ ಮೇಲೆ ಪರಿಣಾಮವಾಗಬಹುದು. ಯಕೃತ್ತಿನ ಕೋಶಕ್ಕೂ ಮಿದುಳಿನ ಕೋಶಕ್ಕೂ ಡಿಎನ್‌ಎ ಒಂದೇ ಇದ್ದರೂ ಕೆಲಸ ಬೇರೆಯಾಗಲು ಇಂಥ ಗುರುತುಗಳೂ ಕಾರಣ. ಇವನ್ನು ಒಟ್ಟಾಗಿ ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ.

ವಯಸ್ಸಾದಂತೆ ಕೆಲವು ಜಾಗಗಳಲ್ಲಿ ಈ ಗುರುತು ಹೆಚ್ಚುತ್ತದೆ, ಕೆಲವು ಕಡೆ ಅಳಿಯುತ್ತದೆ. ಇಎಲ್‌ಒವಿಎಲ್2 ಎಂಬ ಜೀನಿನ ಬಳಿಯ ಜಾಗಗಳಂತೂ ಚಿಕ್ಕಂದಿನಿಂದ ಮುಪ್ಪಿನವರೆಗೆ ಒಂದೇ ದಿಕ್ಕಿನಲ್ಲಿ ಏರುತ್ತಾ ಹೋಗುತ್ತವೆ.

ಇದು ಜಾತಕ ಹೇಳಿದ ಹಾಗೆ ಅಲ್ಲವೇ? ರಕ್ತ ನೋಡಿ ವಯಸ್ಸು ಹೇಳುತ್ತಾರೆಂದರೆ ಹೇಗೆ ನಂಬುವುದು?

ಭೀಮಸಮುದ್ರದಲ್ಲೋ ಚನ್ನಗಿರಿಯಲ್ಲೋ ಅಡಕೆ ವ್ಯಾಪಾರಿಯ ಎದುರು ಚೀಲ ಬಿಚ್ಚಿ ನೋಡಿ. ಒಂದು ಹಿಡಿ ಅಡಕೆಯನ್ನು ಅಂಗೈಯಲ್ಲಿ ಹೊರಳಿಸಿ, ಬಣ್ಣ, ಸುಕ್ಕು, ತೂಕ ನೋಡಿ ಇದು ಹೊಸ ಮಾಲೋ ಹೋದ ವರ್ಷದ್ದೋ ಎಂದು ಹೇಳಿಬಿಡುತ್ತಾರೆ. ಒಂದೇ ಅಡಕೆ ಕೊಟ್ಟರೆ ಅವರೂ ತಪ್ಪಬಹುದು, ಹಿಡಿ ಅಡಕೆಯಲ್ಲಿ ತಪ್ಪುವುದು ಅಪರೂಪ. ಮೀಥೈಲ್ ಗುರುತುಗಳಿಂದ ವಯಸ್ಸು ಲೆಕ್ಕ ಹಾಕುವ ಎಪಿಜೆನೆಟಿಕ್ ಗಡಿಯಾರದ ತರ್ಕವೂ ಇಷ್ಟೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದ ಸ್ಟೀವ್ ಹೋರ್ವಾತ್ 2013ರಲ್ಲಿ ಸುಮಾರು 8,000 ಮಾದರಿಗಳನ್ನು ಒಟ್ಟುಹಾಕಿದರು. ರಕ್ತ, ಚರ್ಮ, ಮಿದುಳು, ಯಕೃತ್ತು ಸೇರಿ 51 ಬಗೆಯ ಅಂಗಾಂಶ ಮತ್ತು ಕೋಶಗಳು. ಪ್ರತಿಯೊಂದರ ಮಾಲೀಕರ ನಿಜವಾದ ವಯಸ್ಸು ಗೊತ್ತಿತ್ತು. ಯಾವ ಜಾಗಗಳ ಮೀಥೈಲ್ ಪ್ರಮಾಣವನ್ನು ಕೂಡಿದರೆ ಆ ವಯಸ್ಸು ಸರಿಯಾಗಿ ಹೊಮ್ಮುತ್ತದೆ ಎಂದು ಗಣಿತದಿಂದ ಹುಡುಕಿ, ಕೊನೆಗೆ 353 ಜಾಗಗಳನ್ನು ಆರಿಸಿದರು.

ಅದೇ ವರ್ಷ ಗ್ರೆಗರಿ ಹ್ಯಾನಮ್ ಮತ್ತು ಸಂಗಡಿಗರು 656 ಜನರ ರಕ್ತದಿಂದ 71 ಜಾಗಗಳ ಗಡಿಯಾರ ಮಾಡಿದರು. ಜಾತಕಕ್ಕೂ ಇದಕ್ಕೂ ವ್ಯತ್ಯಾಸ ಬೇಕಿದ್ದರೆ: ಇಲ್ಲಿ ಎಷ್ಟು ತಪ್ಪಾಗುತ್ತದೆ ಎಂಬುದನ್ನೂ ಮಾಡಿದವರೇ ಅಳೆದು ಪ್ರಕಟಿಸಿದ್ದಾರೆ.

ಟೆಲೊಮಿಯರ್ ಎಂದು ಹಿಂದೆ ಹೇಳುತ್ತಿದ್ದಿರಿ. ಅದೂ ಇದೂ ಒಂದೆಯೇ?

ಅಲ್ಲ. ಟೆಲೊಮಿಯರ್ ವರ್ಣತಂತುವಿನ ತುದಿ. ಕೋಶ ವಿಭಜನೆಯಾದಂತೆ ಮೊಟಕಾಗುತ್ತದೆ. ಅದರ ಸಂಶೋಧನೆಗೆ 2009ರಲ್ಲಿ ನೊಬೆಲ್ ಬಂದಿತು. ಆದರೆ ಒಬ್ಬರ ಟೆಲೊಮಿಯರ್ ಉದ್ದ ನೋಡಿ ಅವರ ವಯಸ್ಸು ಹೇಳಲು ಹೋದರೆ ಲೆಕ್ಕ ತುಂಬಾ ಸಡಿಲವಾಗುತ್ತದೆ. ಆ ಕೆಲಸಕ್ಕೆ ಮೀಥೈಲ್ ಗುರುತುಗಳೇ ಎಷ್ಟೋ ವಾಸಿ.

ಮೇಡಂ, ನಮ್ಮ ತಂದೆಯ ಜನ್ಮದಿನಾಂಕ ಜೂನ್ 1 ಎಂದು ಶಾಲೆಯ ಮಾಸ್ತರರು ಬರೆದುಬಿಟ್ಟಿದ್ದಾರೆ. ನಿಜವಾದ ವಯಸ್ಸು ಮೂರು ವರ್ಷ ಕಡಿಮೆ. ಈ ಪರೀಕ್ಷೆಯಿಂದ ಸಾಬೀತು ಮಾಡಬಹುದೇ?

ಇದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ. ನಮ್ಮ ಕಡೆ ಅರವತ್ತು ದಾಟಿದವರಲ್ಲಿ ಎಷ್ಟೊಂದು ಜನ ಜೂನ್ 1ರಂದೇ ಹುಟ್ಟಿದ್ದಾರೆ! ಶಾಲೆ ಶುರುವಾಗುವ ದಿನಕ್ಕೆ ಸರಿಹೊಂದಿಸಿ, ಮಗುವಿನ ಎತ್ತರ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ಬರೆದುಕೊಂಡ ದಿನಾಂಕಗಳು ಅವು.

ಆದರೆ ಸಾಬೀತು ಮಾಡಲಾಗದು. ಹೋರ್ವಾತ್ ಗಡಿಯಾರದ ತಪ್ಪಿನ ಮಧ್ಯಮಾಂಕ 3.6 ವರ್ಷ. ಅಂದರೆ ಅರ್ಧದಷ್ಟು ಮಾದರಿಗಳಲ್ಲಿ ಲೆಕ್ಕ ಅದಕ್ಕಿಂತಲೂ ಹೆಚ್ಚು ದೂರ ಹೋಗಿದೆ. ನಿಮ್ಮ ತಗಾದೆ ಇರುವುದೇ ಮೂರು ವರ್ಷದ ಬಗ್ಗೆ. ಇನ್ನೊಂದು ತೊಡಕೂ ಇದೆ: ಗಡಿಯಾರ ಮೂರು ವರ್ಷ ಕಡಿಮೆ ತೋರಿಸಿತು ಎನ್ನಿ, ಅದು ದಾಖಲೆಯ ತಪ್ಪೋ ಅಥವಾ ತಂದೆಯವರ ದೇಹ ಚೆನ್ನಾಗಿ ಉಳಿದಿದೆಯೋ? ಎರಡನ್ನೂ ಬೇರ್ಪಡಿಸುವ ದಾರಿ ಆ ಸಂಖ್ಯೆಯೊಳಗೆ ಇಲ್ಲ. ಬಾಲಾಪರಾಧಿಗಳ ವಯಸ್ಸಿನ ವಿಷಯದಲ್ಲೂ ನಮ್ಮ 2015ರ ಬಾಲನ್ಯಾಯ ಕಾಯ್ದೆ ಮೊದಲು ಕೇಳುವುದು ಶಾಲೆಯ ದಾಖಲೆ, ಆಮೇಲೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮೂಳೆಯ ಪರೀಕ್ಷೆ ಅಥವಾ ಇತರ ವೈದ್ಯಕೀಯ ಪರೀಕ್ಷೆ. ಮಾಸ್ತರರ ಕೈಬರಹದ ಬಲ ಇನ್ನೂ ಕುಂದಿಲ್ಲ.

## ಪರೀಕ್ಷೆ ಮಾಡಿಸಬೇಕೆಂದಿರುವವರಿಗೆ

ರಕ್ತ ಕೊಟ್ಟ ಮೇಲೆ ಲ್ಯಾಬಿನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಮೊದಲು ಬಿಳಿ ರಕ್ತಕಣಗಳಿಂದ ಡಿಎನ್‌ಎ ಬಿಡಿಸುತ್ತಾರೆ. ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲವಾದ್ದರಿಂದ ಅವುಗಳಿಂದ ಪ್ರಯೋಜನವಿಲ್ಲ. ಆಮೇಲೆ ಬರುವುದು ಇಡೀ ಕೆಲಸದ ಜಾಣತನ. ಡಿಎನ್‌ಎಯನ್ನು ಬೈಸಲ್ಫೈಟ್ ದ್ರಾವಣದಲ್ಲಿ ಇಡುತ್ತಾರೆ. ಮೀಥೈಲ್ ಅಂಟದ ಸೈಟೋಸಿನ್ ಅದರಲ್ಲಿ ಯುರಾಸಿಲ್ ಆಗಿ ಬದಲಾಗುತ್ತದೆ. ಮೀಥೈಲ್ ಅಂಟಿದ್ದು ಹಾಗೇ ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದ ಗುರುತು ಈಗ ಅಕ್ಷರದ ವ್ಯತ್ಯಾಸವಾಗಿ ಓದಲು ಸಿಕ್ಕಿತು. ಈ ಡಿಎನ್‌ಎಯನ್ನು ಗಾಜಿನ ಚಿಪ್ಪಿನ ಮೇಲೆ ಹರಿಸಿ, ಒಂದೊಂದು ಜಾಗದಲ್ಲೂ ಹೊಮ್ಮುವ ಬೆಳಕಿನಿಂದ ಅಲ್ಲಿ ಶೇಕಡಾ ಎಷ್ಟು ಪ್ರತಿಗಳಿಗೆ ಮೀಥೈಲ್ ಅಂಟಿದೆ ಎಂದು ಲೆಕ್ಕ ಹಾಕುತ್ತಾರೆ. ಇಲ್ಯುಮಿನಾ ಕಂಪನಿಯ ಚಿಪ್ಪುಗಳು ಒಂದೇ ಸಲಕ್ಕೆ ನಾಲ್ಕೂವರೆ ಲಕ್ಷ, ಎಂಟೂವರೆ ಲಕ್ಷ ಜಾಗಗಳನ್ನು ಓದುತ್ತವೆ. ಉಳಿದದ್ದು ಕಂಪ್ಯೂಟರಿನ ಗುಣಾಕಾರ, ಸಂಕಲನ.

ಬೈಸಲ್ಫೈಟ್ ಡಿಎನ್‌ಎಯನ್ನು ಚೂರುಚೂರು ಮಾಡುವ ಒರಟು ರಾಸಾಯನಿಕ. ಇದರ ಪರಿಣಾಮ ಮುಂದಿನ ಪ್ರಶ್ನೆಯಲ್ಲಿ ಕಾಣುತ್ತದೆ.

ಒಂದೇ ವಾರದಲ್ಲಿ ಎರಡು ಕಂಪನಿಗಳಿಗೆ ಜೊಲ್ಲು ಕಳಿಸಿದೆ. ಒಂದರಲ್ಲಿ 47 ಬಂದಿತು, ಇನ್ನೊಂದರಲ್ಲಿ 58. ಯಾರನ್ನು ನಂಬಲಿ?

ಇಬ್ಬರನ್ನೂ ಅಷ್ಟಾಗಿ ನಂಬಬೇಡಿ. ಹಾಗೆಂದು ಇಬ್ಬರೂ ಸುಳ್ಳು ಹೇಳಿದ್ದಾರೆ ಎಂದು ಅರ್ಥವಲ್ಲ. ಗಡಿಯಾರಗಳು ಹಲವು ಇವೆ, ಒಂದೊಂದೂ ಒಂದೊಂದನ್ನು ಅಳೆಯುತ್ತದೆ. ಹೋರ್ವಾತ್ ಮತ್ತು ಹ್ಯಾನಮ್ ಗಡಿಯಾರಗಳಿಗೆ ಕಲಿಸಿದ್ದು ಕ್ಯಾಲೆಂಡರ್ ವಯಸ್ಸನ್ನು. ಮಾರ್ಗನ್ ಲೆವೀನ್ 2018ರಲ್ಲಿ ಮಾಡಿದ ಫೀನೋಏಜ್‌ನಲ್ಲಿ 513 ಜಾಗಗಳಿವೆ. ಸಕ್ಕರೆ, ಉರಿಯೂತ, ಮೂತ್ರಪಿಂಡದಂಥ ರಕ್ತದ ಅಳತೆಗಳಿಂದ ಲೆಕ್ಕ ಹಾಕಿದ ವಯಸ್ಸನ್ನು ಅದಕ್ಕೆ ಕಲಿಸಲಾಯಿತು. 2019ರ ಗ್ರಿಮ್‌ಏಜ್ 1,030 ಜಾಗಗಳಿಂದ ಸಾವಿನ ಅಪಾಯವನ್ನು ಅಂದಾಜು ಮಾಡುತ್ತದೆ. 2022ರ ಡ್ಯುನೆಡಿನ್‌ಪೇಸ್ ವಯಸ್ಸನ್ನು ಹೇಳುವುದೇ ಇಲ್ಲ, ವೇಗ ಹೇಳುತ್ತದೆ: 1 ಎಂದರೆ ವರ್ಷಕ್ಕೆ ಒಂದು ವರ್ಷದಷ್ಟು ಮುಪ್ಪು, 1.2 ಎಂದರೆ ಐದನೆಯ ಒಂದು ಭಾಗ ಹೆಚ್ಚು. ಯಾವ ಗಡಿಯಾರ ಎಂದು ಹೇಳದ ವರದಿಯನ್ನು ನಾನು ಓದುವುದೇ ಇಲ್ಲ.

ಎರಡನೆಯದು, ಜೊಲ್ಲಿನಲ್ಲಿ ಕೆನ್ನೆಯ ಒಳಪದರದ ಕೋಶಗಳೂ ಬಿಳಿ ರಕ್ತಕಣಗಳೂ ಬೆರೆತಿರುತ್ತವೆ. ಮಿಶ್ರಣದ ಪ್ರಮಾಣ ದಿನದಿಂದ ದಿನಕ್ಕೆ ಬೇರೆ. ರಕ್ತದ ಮೇಲೆ ಕಟ್ಟಿದ ಗಡಿಯಾರಕ್ಕೆ ಜೊಲ್ಲು ಕೊಟ್ಟರೆ ಉತ್ತರ ವಾಲುತ್ತದೆ. ಮೂರನೆಯದು ಲ್ಯಾಬಿನ ಗದ್ದಲ, ಅಂದರೆ ಬೈಸಲ್ಫೈಟ್‌ನ ಒರಟುತನವೂ ಸೇರಿ ಅಳತೆಯಲ್ಲೇ ನುಸುಳುವ ಏರುಪೇರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ರಕ್ತದ ಮಾದರಿಯನ್ನು ಎರಡು ಸಲ ಓದಿದಾಗ ಕೆಲವು ಗಡಿಯಾರಗಳ ಉತ್ತರದಲ್ಲಿ 9 ವರ್ಷದವರೆಗೂ ವ್ಯತ್ಯಾಸ ಕಂಡಿತ್ತು. ಒಂದೊಂದು ಜಾಗವನ್ನೇ ನೆಚ್ಚದೆ, ಸಾವಿರಾರು ಜಾಗಗಳು ಒಟ್ಟಾಗಿ ಏರಿಳಿಯುವ ಬಗೆಯನ್ನು ಹಿಡಿಯುವ ಲೆಕ್ಕದಿಂದ ಅದೇ ತಂಡ ಈ ಗದ್ದಲವನ್ನು ಬಹುಮಟ್ಟಿಗೆ ತಗ್ಗಿಸಿತು. ಸಂಶೋಧನೆಯಲ್ಲಿ ಆ ಬಗೆ ಬಳಕೆಗೆ ಬಂದಿದೆ. ನೀವು ದುಡ್ಡು ಕೊಟ್ಟ ಕಂಪನಿ ಬಳಸುತ್ತದೆಯೇ ಎಂದು ಕೇಳಿ ನೋಡಿ.

ಬೆಣ್ಣೆ ದೋಸೆ ತಿಂದರೆ ಜೈವಿಕ ವಯಸ್ಸು ಏರುತ್ತದೆಯೇ?

ದಾವಣಗೆರೆಯಲ್ಲಿ ಇದನ್ನು ಕೇಳದೆ ಯಾರೂ ಬಿಟ್ಟಿಲ್ಲ. ಒಂದು ತಿಂಡಿಯನ್ನು ಹಿಡಿದು ಇಷ್ಟು ವರ್ಷ ಎಂದು ಹೇಳುವ ಗಡಿಯಾರ ಇಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಸರಾಸರಿ ಎಪಿಜೆನೆಟಿಕ್ ವಯಸ್ಸು ಹೆಚ್ಚು ಕಂಡುಬಂದಿದೆ. ಭಾನುವಾರದ ದೋಸೆ ನಿಮ್ಮ ಮತ್ತು ನಿಮ್ಮ ಸೊಂಟದ ಸುತ್ತಳತೆಯ ನಡುವಿನ ವ್ಯವಹಾರ.

ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಹೊಗೆ ತಪ್ಪಿದ್ದಲ್ಲ. ಮಾವನವರು ಬೀಡಿ ಬೇರೆ ಸೇದುತ್ತಾರೆ. ಇದೆಲ್ಲ ಡಿಎನ್‌ಎಗೆ ಅಂಟುತ್ತದೆಯೇ?

ಬೀಡಿಯ ಮಾತಿಗೆ ಗಟ್ಟಿಯಾದ ಉತ್ತರವಿದೆ. ತಂಬಾಕಿನ ಹೊಗೆ ಎಎಚ್‌ಆರ್‌ಆರ್ ಎಂಬ ಜೀನಿನ ಒಂದು ಜಾಗದಲ್ಲಿ ಮೀಥೈಲನ್ನು ಎಷ್ಟು ಕರಾರುವಾಕ್ಕಾಗಿ ಅಳಿಸುತ್ತದೆ ಎಂದರೆ, ಸೇದುವುದಿಲ್ಲ ಎಂದು ಹೇಳಿದವರ ರಕ್ತವೇ ಅವರ ಗುಟ್ಟು ಬಿಟ್ಟುಕೊಡಬಲ್ಲದು. ಬಿಟ್ಟ ಮೇಲೆ ಗುರುತು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಹಿಂದಿರುಗುತ್ತದೆ. ಬಹಳ ಕಾಲ ಸೇದಿದವರಲ್ಲಿ ಪೂರ್ತಿ ಹಿಂದಿರುಗದೆ ಇರಬಹುದು. ಗ್ರಿಮ್‌ಏಜ್ ಲೆಕ್ಕದೊಳಗೆ ಜೀವಮಾನದಲ್ಲಿ ಸೇದಿದ ಪ್ರಮಾಣದ ಅಂದಾಜು ಒಂದು ಮುಖ್ಯ ಭಾಗವಾಗಿಯೇ ಸೇರಿದೆ. ಆ ಗಡಿಯಾರ ಸಾವನ್ನು ಚೆನ್ನಾಗಿ ಊಹಿಸುವುದಕ್ಕೆ ಇದೂ ಒಂದು ಕಾರಣ.

ಗಾಳಿಯ ವಿಷಯ ಇಷ್ಟು ನೇರವಲ್ಲ. ಜರ್ಮನಿ ಮತ್ತು ಅಮೆರಿಕದಲ್ಲಿ ಸೂಕ್ಷ್ಮ ಧೂಳು ಹೆಚ್ಚಿದ್ದ ಕಡೆ ವಾಸಿಸುವವರ ಎಪಿಜೆನೆಟಿಕ್ ವಯಸ್ಸು ತುಸು ಹೆಚ್ಚಿದ್ದುದು ಅಧ್ಯಯನಗಳಲ್ಲಿ ಕಂಡಿದೆ. ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯೂ ಇದೆ. ಭಟ್ಟಿಯ ಮುಂದೆ ದಿನವಿಡೀ ಮರಳು ಹುರಿದು ಮಂಡಕ್ಕಿ ಅರಳಿಸುವವರ ಶ್ವಾಸಕೋಶ ಪರೀಕ್ಷಿಸಲು ಮಾತ್ರ ಮೀಥೈಲ್ ಲೆಕ್ಕ ಬೇಡ. ಊದಿ ನೋಡುವ ಸ್ಪೈರೋಮೀಟರ್ ಸಾಕು.

ಗುಟ್ಕಾದವರು ಇದನ್ನು ಓದಿ ಹಿಗ್ಗಬಾರದು. ಎಎಚ್‌ಆರ್‌ಆರ್ ಗುರುತು ಸುಟ್ಟ ತಂಬಾಕಿನದು. ಹೊಗೆಯಿಲ್ಲದ ತಂಬಾಕು ಬಳಸುವ ಸ್ವೀಡನ್ನಿನ ಜನರಲ್ಲಿ ಅದು ಕಾಣಲಿಲ್ಲ. ಬಾಯಿಯ ಕ್ಯಾನ್ಸರಿಗೆ ಈ ಗುರುತಿನ ಹಂಗಿಲ್ಲ.

ಮಾತ್ರೆ ತೆಗೆದುಕೊಂಡರೆ ಹತ್ತು ವರ್ಷ ಕಡಿಮೆಯಾಗುತ್ತದೆ ಎಂಬ ಜಾಹೀರಾತು ಬರುತ್ತಿದೆ. ನಿಜವೇ?

ಜಾಹೀರಾತುಗಳಲ್ಲಿ ಹೆಸರು ಹೇಳುವ ಪ್ರಯೋಗಗಳನ್ನು ತೆರೆದು ಓದಿ. 2019ರಲ್ಲಿ ದೊಡ್ಡ ಸದ್ದು ಮಾಡಿದ ಒಂದರಲ್ಲಿ ಬೆಳವಣಿಗೆಯ ಹಾರ್ಮೋನು, ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನು, ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಮೂರನ್ನೂ ಒಂದು ವರ್ಷ ಕೊಟ್ಟು ಎಪಿಜೆನೆಟಿಕ್ ವಯಸ್ಸು ಇಳಿಯಿತು ಎಂದರು. ಲೆಕ್ಕಕ್ಕೆ ಸಿಕ್ಕಿದ್ದು ಒಂಬತ್ತು ಗಂಡಸರು. ಔಷಧಿ ಕೊಡದೆ ಹೋಲಿಸಿ ನೋಡುವ ಗುಂಪೇ ಇರಲಿಲ್ಲ.

ಇದಕ್ಕಿಂತ ಗಟ್ಟಿ ಪ್ರಯೋಗ ಅಮೆರಿಕದಲ್ಲಿ ನಡೆದ 'ಕ್ಯಾಲರಿ' (CALERIE) ಎಂಬ ಹೆಸರಿನದು. ಬೊಜ್ಜಿಲ್ಲದ 220 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಊಟದ ಕ್ಯಾಲರಿ ಶೇ. 25ರಷ್ಟು ಇಳಿಸಲು ಹೇಳಿದರು. ಜನ ನಿಜವಾಗಿ ಇಳಿಸಿದ್ದು ಶೇ. 12ರಷ್ಟು. ಫಲ: ಡ್ಯುನೆಡಿನ್‌ಪೇಸ್ ಪ್ರಕಾರ ಮುಪ್ಪಿನ ವೇಗ ಶೇ. 2ರಿಂದ 3 ತಗ್ಗಿತು. ಫೀನೋಏಜ್, ಗ್ರಿಮ್‌ಏಜ್ ಅಲುಗಾಡಲಿಲ್ಲ. ಎರಡು ವರ್ಷ ಹೊಟ್ಟೆ ಕಟ್ಟಿದವರಿಗೇ ಸಿಕ್ಕಿದ್ದು ಇಷ್ಟು. ಡಬ್ಬಿಯ ಮೇಲೆ ಹತ್ತು ವರ್ಷ ಎಂದು ಅಚ್ಚು ಹಾಕಿಸಲು ಮುದ್ರಣಾಲಯದ ಖರ್ಚು ಸಾಕು.

ಸುತ್ತಿ ಬಳಸಿ ಹೇಳಬೇಡಿ. ಮಾಡಿಸಲೋ ಬೇಡವೋ?

ಬೇಡ. ಸಾವಿರಾರು ಜನರನ್ನು ಗುಂಪಾಗಿ ಹೋಲಿಸಲು ಇದು ಅದ್ಭುತ ಸಾಧನ. ಒಬ್ಬರ ಕೈಗೆ ಕೊಟ್ಟ ಒಂದು ಸಂಖ್ಯೆಯಾಗಿ ಇನ್ನೂ ಬಲಿತಿಲ್ಲ. ಸಂಖ್ಯೆ ಹೆಚ್ಚು ಬಂದರೆ ವೈದ್ಯರು ಮಾಡಬಹುದಾದ ಬೇರೆ ಚಿಕಿತ್ಸೆಯೇನೂ ಇಲ್ಲ. ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಆ ಸಾವಿರಾರು ರೂಪಾಯಿ ಉಳಿಸಿಕೊಂಡು ನೇರವಾಗಿ ಅವನ್ನೇ ನೋಡಿಸಿಕೊಳ್ಳಿ. ಕುತೂಹಲಕ್ಕೆ ಖರ್ಚು ಮಾಡುವೆನೆಂದರೆ ನನ್ನ ತಕರಾರಿಲ್ಲ, ಜನ ಇದಕ್ಕಿಂತ ಕೆಟ್ಟದ್ದಕ್ಕೆ ಖರ್ಚು ಮಾಡುತ್ತಾರೆ.

## ಒಳಹೊಕ್ಕು ನೋಡುವವರಿಗೆ

ಈ ಗಡಿಯಾರಗಳು ನಮ್ಮ ಜನರಿಗೆ ಸರಿಹೊಂದುತ್ತವೆಯೇ?

ಮೊದಲ ಗಡಿಯಾರಗಳನ್ನು ಕಟ್ಟಿದ ಮಾದರಿಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ಹ್ಯಾನಮ್ ಅವರ 656 ಜನರು ಯುರೋಪ್ ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ಲ್ಯಾಟಿನ್ ಅಮೆರಿಕ) ಮೂಲದವರು. ಸೈಟೋಸಿನ್ ಇರಬೇಕಾದ ಜಾಗದಲ್ಲಿ ಒಂದು ಜನಸಮೂಹದವರಿಗೆ ಬೇರೆ ಅಕ್ಷರವೇ ಇದ್ದರೆ ಚಿಪ್ಪು ಅದನ್ನು ಮೀಥೈಲ್ ಕಡಿಮೆ ಎಂದು ತಪ್ಪಾಗಿ ಓದಬಹುದು. ಚಿಕ್ಕಂದಿನ ಅಪೌಷ್ಟಿಕತೆ, ಪದೇ ಪದೇ ಬರುವ ಸೋಂಕುಗಳು ಬಿಳಿ ರಕ್ತಕಣಗಳ ಮಿಶ್ರಣವನ್ನು ಬದಲಿಸುತ್ತವೆ. ಆದ್ದರಿಂದ ಇಲ್ಲಿಯ ಒಬ್ಬರಿಗೆ 'ಐದು ವರ್ಷ ಹೆಚ್ಚು' ಎಂದು ಬಂದರೆ, ಯಾರಿಗಿಂತ ಹೆಚ್ಚು ಎಂದು ಕೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಲಾಂಗೆವಿಟಿ ಇಂಡಿಯಾ ಕಾರ್ಯಕ್ರಮದಲ್ಲಿ 'ಭಾರತ್' ಹೆಸರಿನ ಅಧ್ಯಯನ ಆರಂಭಿಸಿರುವುದು ಇಂಥ ಕೊರತೆ ತುಂಬುವುದಕ್ಕೇ: ಭಾರತೀಯರಲ್ಲಿ ಆರೋಗ್ಯವಂತ ಮುಪ್ಪಿನ ಅಳತೆಗಳು ಹೇಗಿರುತ್ತವೆ ಎಂದು ನೋಡಲು.

ನಮ್ಮಜ್ಜಿ ಬರಗಾಲದಲ್ಲಿ ಬಸುರಿಯಾಗಿದ್ದರಂತೆ. ಆ ಹಸಿವಿನ ಗುರುತು ನನ್ನ ಡಿಎನ್‌ಎಯಲ್ಲಿ ಇರಬಹುದೇ?

ನಿಮ್ಮ ತಾಯಿಯಲ್ಲಿ ಇರಬಹುದು. 1944–45ರ ಚಳಿಗಾಲದಲ್ಲಿ ಜರ್ಮನ್ ಪಡೆಗಳು ಆಹಾರ ತಡೆದಾಗ ಹಾಲೆಂಡಿನ ಪಶ್ಚಿಮ ಭಾಗ ಹಸಿದಿತ್ತು. ಆಗ ಗರ್ಭದಲ್ಲಿ ಮೊಳೆತವರನ್ನು ಆರು ದಶಕಗಳ ನಂತರ ಅವರ ಸ್ವಂತ ಅಣ್ಣತಮ್ಮ, ಅಕ್ಕತಂಗಿಯರೊಂದಿಗೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನಿನಲ್ಲಿ ಮೀಥೈಲ್ ಕಡಿಮೆ ಇತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ಬಯಲುಸೀಮೆಯವರಿಗೆ ಎದೆ ಧಸಕ್ಕೆನ್ನದೆ ಇರದು.

ಮೊಮ್ಮಕ್ಕಳ ಮಾತು ಬೇರೆ. ಅಂಡ, ವೀರ್ಯಾಣು ರೂಪುಗೊಳ್ಳುವಾಗಲೂ ಭ್ರೂಣದ ಮೊದಲ ದಿನಗಳಲ್ಲೂ ಮೀಥೈಲ್ ಗುರುತುಗಳಲ್ಲಿ ಬಹುಪಾಲು ಅಳಿಸಿ ಹೋಗುತ್ತವೆ. ಅಜ್ಜಿಯ ಹೊಟ್ಟೆಯಲ್ಲಿ ನಿಮ್ಮ ತಾಯಿ ಇದ್ದಾಗಲೇ ತಾಯಿಯ ಅಂಡಾಣುಗಳು ರೂಪುಗೊಳ್ಳುತ್ತಿದ್ದವು, ಆದ್ದರಿಂದ ಒಂದೇ ಹಸಿವು ಮೂರು ತಲೆಮಾರನ್ನು ಏಕಕಾಲಕ್ಕೆ ತಾಗಿದ್ದು ಹೌದು. ಆದರೂ ಮನುಷ್ಯರಲ್ಲಿ ಮೊಮ್ಮಕ್ಕಳವರೆಗೆ ಗುರುತು ದಾಟುತ್ತದೆ ಎಂಬುದಕ್ಕೆ ಪುರಾವೆ ತೀರಾ ತೆಳು.

ಮೀಥೈಲ್ ಬದಲಾವಣೆ ಮುಪ್ಪಿಗೆ ಕಾರಣವೋ, ಅಥವಾ ಮುಪ್ಪಿನ ಗುರುತು ಮಾತ್ರವೋ?

ಇಡೀ ಕ್ಷೇತ್ರ ಜಗಳವಾಡುತ್ತಿರುವುದು ಇಲ್ಲೇ. ಒಂದು ಕಡೆಯವರು 2023ರಲ್ಲಿ ಪ್ರಕಟವಾದ ಸಸ್ತನಿ ಗಡಿಯಾರವನ್ನು ತೋರಿಸುತ್ತಾರೆ: 185 ಜಾತಿಯ ಪ್ರಾಣಿಗಳ ಮಾದರಿಗಳಿಂದ ಕಟ್ಟಿದ್ದು. ಬೇರೆ ಬೇರೆ ಆಯುಸ್ಸಿನ ಪ್ರಾಣಿಗಳಲ್ಲೂ ಒಂದೇ ಬಗೆಯ ಜಾಗಗಳು, ಅದರಲ್ಲೂ ಭ್ರೂಣದ ಬೆಳವಣಿಗೆಯನ್ನು ನಡೆಸುವ ಜೀನುಗಳ ಬಳಿ, ವಯಸ್ಸಿನೊಂದಿಗೆ ಬದಲಾಗುತ್ತವೆ. ಇಷ್ಟು ಶಿಸ್ತು ಕಾಕತಾಳೀಯವಾಗಿರಲಾರದು ಎಂಬುದು ಅವರ ವಾದ.

ಇನ್ನೊಂದು ಕಡೆಯವರು ಹೇಳುವುದು: ಕೋಶ ವಿಭಜನೆಯಾಗುವಾಗ ಗುರುತುಗಳನ್ನು ನಕಲು ಮಾಡುವಲ್ಲಿ ತಪ್ಪುಗಳು ಯಾದೃಚ್ಛಿಕವಾಗಿ ಸೇರುತ್ತಾ ಹೋದರೆ ಸಾಕು, ಅದರಿಂದಲೇ ಗಡಿಯಾರ ಕಟ್ಟಬಹುದು. 2024ರಲ್ಲಿ ಜರ್ಮನಿಯ ಕಲೋನ್‌ನ ಸಂಶೋಧಕರು ಕಂಪ್ಯೂಟರಿನಲ್ಲಿ ಬರಿಯ ಯಾದೃಚ್ಛಿಕ ಬದಲಾವಣೆ ಸೇರಿಸಿ ಇದನ್ನು ಮಾಡಿ ತೋರಿಸಿದರು. ಮೂರನೆಯ ತೊಡಕು ರಕ್ತದ್ದು. ಒಬ್ಬನೇ ಮನುಷ್ಯನ ದೇಹದಲ್ಲಿ, ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಸಿಡಿ8 ಟಿ-ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು), ಹೋರಾಡಿ ಪಳಗಿದ ನೆನಪಿನ ಟಿ-ಕೋಶಗಳಿಗಿಂತ ಗಡಿಯಾರದ ಲೆಕ್ಕದಲ್ಲಿ 15–20 ವರ್ಷ ಚಿಕ್ಕವಾಗಿ ಕಂಡಿವೆ. ಮುಪ್ಪಿನಲ್ಲಿ ಮೊದಲ ಬಗೆ ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ. ಹಾಗಾದರೆ ಗಡಿಯಾರದ ಮುಳ್ಳು ಸರಿದದ್ದು ಕೋಶಗಳು ಮುದಿಯಾದದ್ದಕ್ಕೋ, ಅವುಗಳ ಪ್ರಮಾಣ ಬದಲಾದದ್ದಕ್ಕೋ?

ಎರಡೂ ಬೆರೆತಿವೆ ಎಂದು ನನ್ನ ಅಂದಾಜು. ಮಾತ್ರೆ ಮಾರುವವರು ಈ ಪ್ರಶ್ನೆಯನ್ನು ಹಾರಿಸುವುದಕ್ಕೂ ಕಾರಣವಿದೆ: ಗುರುತು ಕಾರಣವಲ್ಲದಿದ್ದರೆ ಅದನ್ನು ಅಳಿಸಿದ ಮಾತ್ರಕ್ಕೆ ಆಯುಸ್ಸು ಬೆಳೆಯಬೇಕಿಲ್ಲ.

ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದೇ?

ಕೋಶದ ಮಟ್ಟದಲ್ಲಿ ಹೌದು. ಶಿನ್ಯಾ ಯಾಮಾನಕಾ 2006ರಲ್ಲಿ ನಾಲ್ಕು ಜೀನುಗಳಿಂದ ಪ್ರೌಢ ಇಲಿಯ ಚರ್ಮದ ಕೋಶವನ್ನು ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಭ್ರೂಣದ ಕಾಂಡಕೋಶದಂತೆ ಮಾಡಿದರು, 2012ರಲ್ಲಿ ನೊಬೆಲ್ ಪಡೆದರು. ಹೀಗೆ ಬದಲಾದ ಮನುಷ್ಯರ ಕೋಶಗಳಿಗೆ ಹೋರ್ವಾತ್ ಗಡಿಯಾರ ಸೊನ್ನೆಯ ಆಸುಪಾಸಿನ ವಯಸ್ಸು ಕೊಡುತ್ತದೆ. ಜೀವಂತ ದೇಹದಲ್ಲಿ ಇದನ್ನೇ ಮಾಡಲು ಹೊರಟರೆ ಕೋಶ ತಾನು ಯಾರೆಂಬುದನ್ನೇ ಮರೆತು ಗಡ್ಡೆಯಾಗುವ ಅಪಾಯವಿದೆ. ಅದಕ್ಕಾಗಿ ಅರ್ಧಕ್ಕೆ ನಿಲ್ಲಿಸುವ ಉಪಾಯಗಳನ್ನು ಇಲಿಗಳಲ್ಲಿ ಹುಡುಕುತ್ತಿದ್ದಾರೆ.

ತಾನಾಗಿ ಹಿಂದೆ ಸರಿಯುವುದೂ ಉಂಟು. 2023ರ ಒಂದು ಅಧ್ಯಯನದಲ್ಲಿ ಸೊಂಟ ಮುರಿದು ತುರ್ತು ಶಸ್ತ್ರಚಿಕಿತ್ಸೆಯಾದ ವೃದ್ಧರ ಎಪಿಜೆನೆಟಿಕ್ ವಯಸ್ಸು ಮರುದಿನಕ್ಕೆ ಏರಿತ್ತು, ನಾಲ್ಕರಿಂದ ಏಳು ದಿನಗಳೊಳಗೆ ಮೊದಲಿನಲ್ಲಿಗೇ ಬಂದಿತ್ತು. ಗರ್ಭಿಣಿಯರಲ್ಲೂ ಏರಿ, ಹೆರಿಗೆಯ ನಂತರ ಇಳಿದಿತ್ತು. ಜ್ವರ ಬಿಟ್ಟ ವಾರದಲ್ಲಿ ಪರೀಕ್ಷೆ ಮಾಡಿಸಿಕೊಂಡು ಗಾಬರಿಯಾಗುವವರು, ಆಮೇಲೆ ಮಾತ್ರೆ ನುಂಗಿ ಇಳಿಯಿತೆಂದು ಸಂಭ್ರಮಿಸುವವರು ಇದನ್ನು ಗಮನಿಸಬೇಕು.

ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಚಿಪ್ಪು ಓದುವ ಯಂತ್ರವಿಲ್ಲ. ಆದರೂ ಈ ವಿಷಯದಲ್ಲಿ ಯೋಜನೆ ಮಾಡಬಹುದೇ?

ಖಂಡಿತ, ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ. ಹ್ಯಾನಮ್ ತಂಡದ 656 ಜನರ ಮೀಥೈಲ್ ದತ್ತಾಂಶ ಅಮೆರಿಕದ ಜೀನ್ ಎಕ್ಸ್‌ಪ್ರೆಶನ್ ಆಮ್ನಿಬಸ್ ಭಂಡಾರದಲ್ಲಿ ಜಿಎಸ್‌ಇ40279 ಎಂಬ ಸಂಖ್ಯೆಯಲ್ಲಿ ಯಾರಿಗಾದರೂ ಉಚಿತ. ಹೋರ್ವಾತ್ ಅವರ 353 ಜಾಗಗಳ ಗುಣಾಂಕಗಳೂ ಪ್ರಬಂಧದ ಜೊತೆಗೇ ಪ್ರಕಟವಾಗಿವೆ. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗುಣಿಸಿ ಕೂಡಿದರೆ ಲೆಕ್ಕ ಬರುತ್ತದೆ. ಆದರೆ ಬರುವ ಮೊತ್ತವೇ ವಯಸ್ಸಲ್ಲ: 20 ವರ್ಷದವರೆಗೆ ಲಾಗರಿದಮ್, ಅಲ್ಲಿಂದ ಮುಂದೆ ಸರಳರೇಖೆಯಂತೆ ಅದನ್ನು ಮಾರ್ಪಡಿಸಬೇಕು, ಮಕ್ಕಳಲ್ಲಿ ಮುಳ್ಳು ಬೇಗ ಓಡುವುದರಿಂದ ಈ ಏರ್ಪಾಟು. ಇದನ್ನು ಬಿಟ್ಟು ಲೆಕ್ಕ ಹಾಕಿ ಎಲ್ಲರಿಗೂ ಎರಡು ಮೂರು ವರ್ಷ ಬಂದಿದೆ ಎಂದು ಕಂಗಾಲಾದವರಿದ್ದಾರೆ. ಹೊಸ ಚಿಪ್ಪಿನ ದತ್ತಾಂಶ ತೆಗೆದುಕೊಂಡರೆ 353ರಲ್ಲಿ ಕೆಲವು ಜಾಗಗಳೇ ಅದರಲ್ಲಿಲ್ಲ. ಅವನ್ನು ಹೇಗೆ ತುಂಬಿದಿರಿ ಎಂದು ವರದಿಯಲ್ಲಿ ಬರೆಯಿರಿ, ಮೌಖಿಕ ಪರೀಕ್ಷೆಗೆ ಬರುವವರು ಅದನ್ನೇ ಕೇಳಬಹುದು. ಮೊದಲ ಕೆಲಸವಾಗಿ ಲೆಕ್ಕದ ವಯಸ್ಸಿನಿಂದ ನಿಜವಾದ ವಯಸ್ಸನ್ನು ಕಳೆದು, ಉಳಿದದ್ದನ್ನು ಗಂಡು ಹೆಣ್ಣೆಂದು ಬೇರೆ ಮಾಡಿ ನಕ್ಷೆ ಹಾಕಿ ನೋಡಿ. ಅಲ್ಲಿಂದ ಮುಂದಿನ ಪ್ರಶ್ನೆ ನಿಮಗೇ ಹೊಳೆಯುತ್ತದೆ.